ಮೇಜಿನ ಮೇಲೆ ಬೇಸ್‌ಬಾಲ್: ದಾಳ, ಕಾರ್ಡ್ ಆಟ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ದಾಳ, ಒಂದಿಷ್ಟು ಕಾರ್ಡ್, ಒಂದು ಸ್ಕೋರ್ ಹಾಳೆ. ಇಷ್ಟರಲ್ಲೇ ಇಡೀ ಬೇಸ್‌ಬಾಲ್ ಪಂದ್ಯ ಆಡಿಸಬಹುದು. ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇಂಥ ಆಟಗಳನ್ನು ಕಟ್ಟುತ್ತಾ, ಆಡುತ್ತಾ ಬಂದಿದ್ದಾರೆ. ಸ್ವಂತಕ್ಕೆ ಒಂದು ಕಟ್ಟಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ನನಗೆ ಕ್ರಿಕೆಟ್ ಗೊತ್ತು, ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಎಷ್ಟು ತಿಳಿದಿದ್ದರೆ ಸಾಕು?

ಸ್ವಲ್ಪ ಸಾಕು. ತಂಡಕ್ಕೆ 9 ಜನ, ಪಂದ್ಯಕ್ಕೆ 9 ಇನ್ನಿಂಗ್. ಪ್ರತಿ ಇನ್ನಿಂಗ್‌ನಲ್ಲಿ ಎರಡೂ ತಂಡಗಳಿಗೆ ಒಂದೊಂದು ಸಲ ಬ್ಯಾಟಿಂಗ್. 3 ಔಟ್ ಆದರೆ ಬ್ಯಾಟಿಂಗ್ ಮುಗೀತು. ಪಿಚರ್ 60 ಅಡಿ 6 ಇಂಚು ದೂರದಿಂದ ಚೆಂಡು ಎಸೆಯುತ್ತಾನೆ. ಬ್ಯಾಟರ್ ಬೀಸಿ ತಪ್ಪಿದ ಅಥವಾ ಸರಿಯಾದ ಜಾಗಕ್ಕೆ ಬಂದರೂ ಹೊಡೆಯದೆ ಬಿಟ್ಟ ಎಸೆತ ಸ್ಟ್ರೈಕ್, ಆಚೀಚೆ ಹೋಗಿ ಅವನು ಬಿಟ್ಟ ಎಸೆತ ಬಾಲ್. 3 ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಇದಕ್ಕೆ ಸ್ಟ್ರೈಕ್‌ಔಟ್ ಅನ್ನುತ್ತಾರೆ. 4 ಬಾಲ್ ಆದರೆ ಅವನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋಗುತ್ತಾನೆ, ಇದಕ್ಕೆ ವಾಕ್ ಅನ್ನುತ್ತಾರೆ. ಮೂರು ಬೇಸ್‌ಗಳನ್ನೂ ಸುತ್ತಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ ಬಂದರೆ 1 ರನ್.

ಆಟ ಕಟ್ಟುವವರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಬೇಸ್‌ಬಾಲ್‌ನಲ್ಲಿ ಪ್ರತಿ ಬ್ಯಾಟರ್‌ನ ಸರದಿಗೂ ಒಂದು ಖಚಿತ ಕೊನೆ ಇದೆ. ಔಟ್, ವಾಕ್, ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್, ಹೀಗೆ ಬೆರಳೆಣಿಕೆಯ ಫಲಗಳು. ಹೊಡೆದವನು ಒಂದು ಬೇಸ್ ಮುಟ್ಟಿದರೆ ಸಿಂಗಲ್, ಎರಡಾದರೆ ಡಬಲ್, ಮೂರಾದರೆ ಟ್ರಿಪಲ್, ಪೂರ್ತಿ ಸುತ್ತಿದರೆ ಹೋಮ್ ರನ್. ಬೇಸ್‌ಗಳ ಮೇಲೆ ಯಾರಿದ್ದಾರೆ ಅನ್ನುವುದಕ್ಕೆ 8 ಸ್ಥಿತಿ, ಔಟ್‌ಗಳಿಗೆ 3 ಸ್ಥಿತಿ. ಒಟ್ಟು 24. ಇನ್ನಿಂಗ್‌ನ ಯಾವ ಕ್ಷಣ ತಗೊಂಡರೂ ಈ 24ರಲ್ಲಿ ಒಂದು. ದಾಳಕ್ಕೆ ಇಷ್ಟು ಚೆನ್ನಾಗಿ ಒಗ್ಗುವ ದೊಡ್ಡ ಆಟ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ.

ಇಂಥ ಆಟಗಳು ಈಗಾಗಲೇ ಇವೆಯಲ್ಲ? ಅವುಗಳಿಂದ ಏನು ಕಲಿಯಬಹುದು?

ಬಹಳ ಕಲಿಯಬಹುದು. ಮೂರನ್ನಾದರೂ ತಿಳಿದುಕೊಂಡೇ ಮುಂದೆ ಹೋಗಿ.

ಮೊದಲನೆಯದು 1941ರಲ್ಲಿ ಬಂದ ಆಲ್-ಸ್ಟಾರ್ ಬೇಸ್‌ಬಾಲ್. ಕಟ್ಟಿದವರು ಈಥನ್ ಆಲನ್, ಸ್ವತಃ ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಅತಿ ಮೇಲಿನ ಹಂತದಲ್ಲಿ ಆಡಿದವರು. ಪ್ರತಿ ಆಟಗಾರನಿಗೆ ಒಂದು ದುಂಡನೆಯ ರಟ್ಟಿನ ಬಿಲ್ಲೆ. ಅದರ ಅಂಚಿನಲ್ಲಿ ಹೋಮ್ ರನ್‌ಗೆ ಇಷ್ಟಗಲ, ಸಿಂಗಲ್‌ಗೆ ಇಷ್ಟಗಲ ಅಂತ ಭಾಗ ಮಾಡಿದ್ದರು. ಬಿಲ್ಲೆಯನ್ನು ಸ್ಪಿನ್ನರ್‌ನಲ್ಲಿ ಕೂರಿಸಿ ಮುಳ್ಳು ತಿರುಗಿಸಬೇಕು. ಆಟಗಾರನ ಸ್ವಭಾವ ಕಣ್ಣಿಗೇ ಕಾಣುತ್ತದೆ. ಆದರೆ ಪಿಚರ್ ಯಾರು ಅನ್ನುವುದಕ್ಕೆ ಅಲ್ಲಿ ಬೆಲೆಯಿಲ್ಲ.

ಎರಡನೆಯದು ಎಪಿಬಿಎ. ರಿಚರ್ಡ್ ಸೈಟ್ಜ್ 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಶುರು ಮಾಡಿದ್ದು. ಇದರ ಬೇರು ಕ್ಲಿಫರ್ಡ್ ವ್ಯಾನ್ ಬೀಕ್ ಎಂಬವರು 1920ರ ದಶಕದಲ್ಲಿ ಪೇಟೆಂಟ್ ಪಡೆದ ನ್ಯಾಷನಲ್ ಪಾಸ್‌ಟೈಮ್ ಎಂಬ ಆಟದಲ್ಲಿದೆ. ಎರಡು ದಾಳಗಳನ್ನು ಕೂಡಿಸುವುದಿಲ್ಲ, ಹತ್ತು ಮತ್ತು ಬಿಡಿ ಸ್ಥಾನವಾಗಿ ಓದುತ್ತಾರೆ. ಕೆಂಪು ದಾಳ 4, ಬಿಳಿ ದಾಳ 2 ಬಿದ್ದರೆ 42. ಕಾರ್ಡ್‌ನಲ್ಲಿ 42ರ ಎದುರು ಇನ್ನೊಂದು ಸಂಖ್ಯೆ ಇರುತ್ತದೆ. ಅದನ್ನು ಹಿಡಿದು, ಬೇಸ್‌ಗಳ ಮೇಲೆ ಯಾರಿದ್ದಾರೆ ಎಂಬುದಕ್ಕೆ ತಕ್ಕ ಪಟ್ಟಿಯಲ್ಲಿ ಫಲ ನೋಡಬೇಕು. 11ರಿಂದ 66ರವರೆಗೆ 36 ಫಲಗಳು, ಎಲ್ಲಕ್ಕೂ ಒಂದೇ ಅವಕಾಶ.

ಮೂರನೆಯದು ಸ್ಟ್ರ್ಯಾಟ್-ಓ-ಮ್ಯಾಟಿಕ್. ಹಾಲ್ ರಿಚ್ಮನ್ ಹುಡುಗನಾಗಿದ್ದಾಗಲೇ ಇದರ ಕೆಲಸಕ್ಕೆ ಇಳಿದವರು. ಮಾರುಕಟ್ಟೆಗೆ ತಂದದ್ದು 1961ರಲ್ಲಿ. ಮೂರು ದಾಳ. ಒಂದರ ಬಣ್ಣ ಬೇರೆ. ಅದರಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡ್ ನೋಡಬೇಕು, 4, 5, 6 ಬಿದ್ದರೆ ಪಿಚರ್‌ನ ಕಾರ್ಡ್. ಉಳಿದ ಎರಡು ದಾಳಗಳನ್ನು ಕೂಡಿಸಿ, ಬಣ್ಣದ ದಾಳದ ಸಂಖ್ಯೆಯ ಕಾಲಮ್‌ನಲ್ಲಿ ಫಲ ಓದಬೇಕು. ಬ್ಯಾಟರ್ ಮತ್ತು ಪಿಚರ್ ನಡುವಿನ ಹೋರಾಟವೇ ಬೇಸ್‌ಬಾಲ್. ಅದನ್ನು ಒಂದು ಬಣ್ಣದ ದಾಳದಿಂದ ಮೇಜಿನ ಮೇಲೆ ತಂದರು. ಇದಕ್ಕಿಂತ ಅಚ್ಚುಕಟ್ಟಾದ ಉಪಾಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡುತ್ತಿದ್ದೆವು. ಅಷ್ಟೇ ಸರಳವಾಗಿ ಮಾಡಬಾರದಾ?

ಮಾಡಬಹುದು, ಆದರೆ ಅದರ ಕೊರತೆ ತಿಳಿದಿರಲಿ. ಪುಸ್ತಕ ತೆರೆದು ಎಡಗಡೆ ಪುಟದ ಕೊನೆಯ ಅಂಕಿ ನೋಡುತ್ತಿದ್ದೆವು ಅಲ್ವಾ? ಎಡಗಡೆ ಪುಟ ಯಾವಾಗಲೂ ಸಮಸಂಖ್ಯೆ. ಹಾಗಾಗಿ 0, 2, 4, 6, 8 ಮಾತ್ರ, ಒಂದೊಂದಕ್ಕೂ ಹೆಚ್ಚುಕಡಿಮೆ 20 ಶೇಕಡಾ ಅವಕಾಶ. 0 ಅಂದ್ರೆ ಔಟ್. ಹಾಳೆಯಲ್ಲಿ ದ್ರಾವಿಡ್ ಅಂತ ಬರೆದರೂ ಅಷ್ಟೇ, ವೆಂಕಟೇಶ್ ಪ್ರಸಾದ್ ಅಂತ ಬರೆದರೂ ಅಷ್ಟೇ.

ಆಟಗಾರನ ಗುರುತು ಸಿಗದಿದ್ದರೆ ಅದು ಬರೀ ದಾಳದ ಆಟ. ಹೆಸರಿಗೆ ತಕ್ಕ ಹಾಗೆ ಅವಕಾಶ ಬದಲಾಗಬೇಕು. ಈ ಒಂದು ಹೆಜ್ಜೆ ಇಟ್ಟ ಕೂಡಲೇ ನಿಮಗೆ ಕಾರ್ಡ್ ಬೇಕಾಗುತ್ತದೆ, ಕಾರ್ಡ್‌ಗೆ ಅಂಕಿಅಂಶ ಬೇಕಾಗುತ್ತದೆ.

ಸರಿ, ಎಲ್ಲಿಂದ ಶುರು ಮಾಡಲಿ? ದಾಳದಿಂದಲೋ, ಕಾರ್ಡ್‌ನಿಂದಲೋ?

ಗಡಿಯಾರದಿಂದ. ಮೊದಲು ಒಂದು ಪಂದ್ಯ ಎಷ್ಟು ಹೊತ್ತಿನಲ್ಲಿ ಮುಗಿಯಬೇಕು ಅಂತ ತೀರ್ಮಾನಿಸಿ.

ಲೆಕ್ಕ ಹೀಗಿದೆ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 76 ಬ್ಯಾಟಿಂಗ್ ಸರದಿ ಇರುತ್ತವೆ. ಒಂದು ಸರದಿಗೆ ಅರ್ಧ ನಿಮಿಷ ಆದರೆ ಪಂದ್ಯ 38 ನಿಮಿಷ. ಎರಡು ಪಟ್ಟಿ ನೋಡಿ, ಮೂರು ಸಲ ದಾಳ ಹಾಕಿ, ಒಂದೂವರೆ ನಿಮಿಷ ಹಿಡಿದರೆ ಸುಮಾರು ಎರಡು ಗಂಟೆ. ಒಂದೊಂದು ಎಸೆತವನ್ನೂ ಆಡಿಸುತ್ತೇನೆ ಅಂದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಈಗಿನ ಆಟದಲ್ಲಿ ಒಂದು ಸರದಿಗೆ 4ರ ಹತ್ತಿರ ಎಸೆತ ಬೀಳುತ್ತವೆ. ಅಂದರೆ ಪಂದ್ಯಕ್ಕೆ ಸುಮಾರು 300 ಸಲ ದಾಳ ಹಾಕಬೇಕು.

ನೀವು ಸೇರಿಸುವ ಪ್ರತಿ ನಿಯಮವೂ 76 ಸಲ ಸಮಯ ಕೇಳುತ್ತದೆ. ಗಾಳಿಯ ದಿಕ್ಕಿಗೆ ಒಂದು ದಾಳ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆ ದಾಳ ಪಂದ್ಯದಲ್ಲಿ ಒಂದು ಸಲ ಫಲ ಬದಲಿಸಿ 75 ಸಲ ಸುಮ್ನೆ ಉರುಳುವುದಾದರೆ ತೆಗೆದುಬಿಡಿ. ಈ ಕೆಲಸದಲ್ಲಿ ಬಿಡುವುದೇ ಕಷ್ಟ. ಮೇಜಿನ ಎರಡೂ ಕಡೆ ಕೂತವರಿಗೆ ಯೋಚಿಸಲು ಒಂದು ತೀರ್ಮಾನ ಕೊಡುವ ನಿಯಮಕ್ಕೆ ಸಮಯ ಕೊಡಿ. ತೀರ್ಮಾನ ಕೊಡದ ನಿಯಮವನ್ನು ಕಾರ್ಡ್‌ನೊಳಗೇ ಅಡಗಿಸಿ.

ಯಾವ ದಾಳ ಒಳ್ಳೆಯದು?

ಎರಡು ಸಾಮಾನ್ಯ ದಾಳಗಳಿಂದ 36 ಫಲ. ಒಂದೊಂದಕ್ಕೂ 2.8 ಶೇಕಡಾ. ಇದಕ್ಕಿಂತ ಅಪರೂಪದ್ದನ್ನು ಹಿಡಿಯಲು ಆಗುವುದಿಲ್ಲ. ಟ್ರಿಪಲ್ ನೋಡಿ, ಹೆಚ್ಚಿನವರಿಗೆ 200 ಸರದಿಗೆ ಒಂದೋ ಎರಡೋ. 36ರ ಜಾಲರಿಯಲ್ಲಿ ಅದು ತಪ್ಪಿಸಿಕೊಳ್ಳುತ್ತದೆ.

ಎರಡು ಹತ್ತು ಮುಖದ ದಾಳ ತಗೊಂಡರೆ 1ರಿಂದ 100. ಲೆಕ್ಕ ಮಾಡುವವರಿಗೆ ಬಲು ಸುಲಭ, ಶೇಕಡಾವಾರನ್ನು ಹಾಗೇ ಬರೆದುಬಿಡಬಹುದು. ಆಡುವವರಿಗೆ ಸ್ವಲ್ಪ ಸಪ್ಪೆ. 47ಕ್ಕೂ 63ಕ್ಕೂ ಮನಸ್ಸಿನಲ್ಲಿ ವ್ಯತ್ಯಾಸ ನಿಲ್ಲುವುದಿಲ್ಲ.

ನನ್ನ ಆಯ್ಕೆ ಮೂರು ಸಾಮಾನ್ಯ ದಾಳ, ಜೊತೆಗೆ ಒಂದು 20 ಮುಖದ್ದು. ಮೂರು ದಾಳದಿಂದ 216 ಜೋಡಣೆ ಸಿಗುತ್ತವೆ. ಒಂದೇ ಮನೆಯಲ್ಲಿ "1ರಿಂದ 7 ಟ್ರಿಪಲ್, 8ರಿಂದ 20 ಡಬಲ್" ಅಂತ ಬರೆದರೆ 20 ಮುಖದ ದಾಳ ಅದನ್ನು ಇನ್ನೂ ಸಣ್ಣಗೆ ಸೀಳುತ್ತದೆ. ಆ ದಾಳವನ್ನು ಎಲ್ಲ ಸಲ ಹಾಕಬೇಕಾಗಿಲ್ಲ, ಆ ಮನೆ ಬಂದಾಗ ಮಾತ್ರ. ಸಮಯವೂ ಉಳಿಯಿತು.

ಚೌಕಾಬಾರದ ಕವಡೆ ಬಳಸಬಹುದಾ?

ಆಡಲು ಚೆಂದ, ಲೆಕ್ಕಕ್ಕೆ ಕಷ್ಟ. ಕವಡೆ ಅಂಗಾತ ಬೀಳುವ ಅವಕಾಶವೂ ಬೋರಲು ಬೀಳುವ ಅವಕಾಶವೂ ಸಮ ಅಲ್ಲ. ಅದು ಕವಡೆಯ ಆಕಾರದ ಮೇಲೆ ಹೋಗುತ್ತದೆ. ನಿಮ್ಮ ಮನೆಯ ಕವಡೆಗೆ ಸರಿಯಾದ ಕಾರ್ಡ್ ಪಕ್ಕದ ಮನೆಯ ಕವಡೆಗೆ ಸರಿ ಬರುವುದಿಲ್ಲ.

ಒಂದು ಕಾರ್ಡ್ ಮಾಡಿ ತೋರಿಸಿ.

ಟೆಡ್ ವಿಲಿಯಮ್ಸ್‌ನ 1941ರ ಸೀಸನ್ ತಗೊಳ್ಳೋಣ. ಬೋಸ್ಟನ್ ರೆಡ್ ಸಾಕ್ಸ್ ತಂಡ, ಬ್ಯಾಟಿಂಗ್ ಸರಾಸರಿ 0.406. ಸಿಂಗಲ್‌ನಿಂದ ಹೋಮ್ ರನ್‌ವರೆಗೆ ಎಲ್ಲಕ್ಕೂ ಹಿಟ್ ಅನ್ನುತ್ತಾರೆ; ವಾಕ್ ಬಿಟ್ಟು ಉಳಿದ ಸರದಿಗಳಲ್ಲಿ ಹಿಟ್‌ಗಳ ಪಾಲೇ ಈ ಸರಾಸರಿ. ಅದಾದ ಮೇಲೆ ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಯಾರೂ 0.400 ಮುಟ್ಟಿಲ್ಲ. ಅವನ ಸರದಿಗಳು 606. ಅದರಲ್ಲಿ 147 ವಾಕ್, 37 ಹೋಮ್ ರನ್, 33 ಡಬಲ್, 3 ಟ್ರಿಪಲ್, 112 ಸಿಂಗಲ್. ಸ್ಟ್ರೈಕ್‌ಔಟ್ ಬರೀ 27.

ಮೊದಲು ಎಲ್ಲವನ್ನೂ 606ರಿಂದ ಭಾಗಿಸಿ. ವಾಕ್ 24.3 ಶೇಕಡಾ, ಹೋಮ್ ರನ್ 6.1, ಸ್ಟ್ರೈಕ್‌ಔಟ್ 4.5. ಬ್ಯಾಟಿಂಗ್ ಸರಾಸರಿಯಿಂದ ಲೆಕ್ಕ ಶುರು ಮಾಡಬೇಡಿ. ಸರಾಸರಿಯಲ್ಲಿ ವಾಕ್ ಸೇರಿರುವುದಿಲ್ಲ, ಆದರೆ ದಾಳ ಬೀಳುವುದು ಪ್ರತಿ ಸರದಿಗೂ.

ಸ್ಟ್ರ್ಯಾಟ್-ಓ-ಮ್ಯಾಟಿಕ್‌ನ ಬಣ್ಣದ ದಾಳದ ಕ್ರಮವನ್ನೇ ಹಿಡಿಯೋಣ. ಆಗ ಅರ್ಧ ಸಲ ಮಾತ್ರ ವಿಲಿಯಮ್ಸ್‌ನ ಕಾರ್ಡ್ ನೋಡುತ್ತೇವೆ. ಉಳಿದರ್ಧ ಪಿಚರ್‌ನ ಕಾರ್ಡ್. ಪಿಚರ್‌ಗಳ ಕಾರ್ಡ್ ಒಟ್ಟಾರೆ ಲೀಗ್‌ನ ಸರಾಸರಿಯಂತೆ ಇರುತ್ತದೆ. ಹಾಗಾಗಿ ಸೂತ್ರ ಹೀಗೆ: ಆಟಗಾರನ ಪ್ರಮಾಣವನ್ನು ಎರಡರಿಂದ ಗುಣಿಸಿ, ಲೀಗ್‌ನ ಪ್ರಮಾಣ ಕಳೆಯಿರಿ. ಲೀಗ್‌ನ ವಾಕ್ 10 ಶೇಕಡಾ ಅಂತ ಇಟ್ಟುಕೊಳ್ಳಿ. ವಿಲಿಯಮ್ಸ್‌ನ ಕಾರ್ಡ್‌ನಲ್ಲಿ 48.6ರಿಂದ 10 ಕಳೆದು 38.6 ಶೇಕಡಾ ವಾಕ್ ಇರಬೇಕು. ಬ್ಯಾಟರ್ ಕಾರ್ಡ್‌ನಲ್ಲಿ ಮೂರು ಕಾಲಮ್, ಒಂದೊಂದಕ್ಕೆ 36 ಅವಕಾಶ, ಒಟ್ಟು 108. ಅದರ 38.6 ಶೇಕಡಾ ಅಂದರೆ ಸುಮಾರು 42.

ಆ 42 ಅವಕಾಶಗಳನ್ನು ಮನೆಗಳಲ್ಲಿ ಹಂಚಬೇಕು. ಎರಡು ದಾಳ ಕೂಡಿಸಿ 7 ಬರಲು 6 ದಾರಿ, 6 ಬರಲು 5 ದಾರಿ, 5 ಬರಲು 4 ದಾರಿ. 9ಕ್ಕೂ 4, 2ಕ್ಕೆ ಒಂದೇ. ಮೂರೂ ಕಾಲಮ್‌ನ 7ರಲ್ಲಿ ವಾಕ್ ಬರೆದರೆ 18 ಆಯಿತು. ಮೂರೂ ಕಾಲಮ್‌ನ 6ರಲ್ಲಿ ಬರೆದರೆ 15. ಒಟ್ಟು 33. ಒಂದು ಕಾಲಮ್‌ನ 5, ಇನ್ನೊಂದರ 9, ಮತ್ತೊಂದರ 2. ಇವು 9. ಅಲ್ಲಿಗೆ 42 ಮುಗಿಯಿತು.

ಹೋಮ್ ರನ್‌ಗೆ ಲೀಗ್ 2 ಶೇಕಡಾ ಅಂತಿಟ್ಟರೆ ಕಾರ್ಡ್‌ನಲ್ಲಿ 10.2 ಬೇಕು, ಅಂದರೆ 11 ಅವಕಾಶ. ಎರಡು ಕಾಲಮ್‌ನ 8 ಮತ್ತು ಒಂದು 12. ಇಲ್ಲಿ ನನ್ನದೊಂದು ಸಲಹೆ. ಹೋಮ್ ರನ್‌ಗಳನ್ನು ಮೂರೂ ಕಾಲಮ್‌ಗೆ ಸಮನಾಗಿ ಹರಡಬೇಡಿ. ಎರಡರಲ್ಲಿ, ಸಾಧ್ಯವಾದರೆ ಒಂದರಲ್ಲೇ ತುಂಬಿ. ಬಣ್ಣದ ದಾಳ ಮೊದಲು ನಿಂತು ಆ ಕಾಲಮ್ ತೋರಿಸಿದರೆ, ಉಳಿದ ಎರಡು ದಾಳ ಉರುಳುತ್ತಿರುವಾಗ ಎದುರಿಗಿದ್ದವರು ಕುರ್ಚಿ ಬಿಟ್ಟು ಏಳುತ್ತಾರೆ. ಅವಕಾಶದ ಲೆಕ್ಕ ಎರಡೂ ಕಡೆ ಒಂದೇ, ಆಡುವ ಖುಷಿ ಮಾತ್ರ ಬೇರೆ.

ಸ್ಟ್ರೈಕ್‌ಔಟ್ ಲೆಕ್ಕ ಮಾಡಿದಾಗ ಒಂದು ವಿಚಿತ್ರ ಕಾಣುತ್ತದೆ. 4.5ರ ಎರಡರಷ್ಟು 9. ಲೀಗ್‌ನದ್ದೂ 9 ಅಂತಿಟ್ಟರೆ ಉಳಿದದ್ದು ಸೊನ್ನೆ. ವಿಲಿಯಮ್ಸ್‌ನ ಕಾರ್ಡ್‌ನಲ್ಲಿ ಒಂದೂ ಸ್ಟ್ರೈಕ್‌ಔಟ್ ಇರುವುದಿಲ್ಲ, ಅವನು ಸ್ಟ್ರೈಕ್‌ಔಟ್ ಆಗುವುದೆಲ್ಲ ಪಿಚರ್‌ನ ಕಾರ್ಡ್‌ನಿಂದ. ಇನ್ನೂ ಕಡಿಮೆ ಸ್ಟ್ರೈಕ್‌ಔಟ್ ಆಗುವವರು ಬಂದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅರ್ಧ ಅರ್ಧ ವಿಧಾನದ ಮಿತಿ ಇದು.

ಆ ಮಿತಿಗೆ ಪರಿಹಾರ ಇಲ್ಲವಾ?

ಇದೆ. ಬೇಸ್‌ಬಾಲ್ ಅಂಕಿಅಂಶಗಳ ದೊಡ್ಡ ಹೆಸರು ಬಿಲ್ ಜೇಮ್ಸ್ ಅವರ ಲಾಗ್5 ಸೂತ್ರ. ಬ್ಯಾಟರ್, ಪಿಚರ್, ಲೀಗ್ ಮೂರರ ಸರಾಸರಿ ಹಿಡಿದು ಫಲದ ಅವಕಾಶ ಹೇಳುತ್ತದೆ. ಬ್ಯಾಟರ್ 0.400, ಪಿಚರ್ ಬಿಟ್ಟುಕೊಡುವ ಸರಾಸರಿ 0.150, ಲೀಗ್ 0.250 ಅಂತಿಟ್ಟುಕೊಳ್ಳಿ. ಅರ್ಧ ಅರ್ಧ ವಿಧಾನದಲ್ಲಿ ಎರಡನ್ನೂ ಕೂಡಿಸಿ ಲೀಗ್ ಕಳೆದರೆ 0.300. ಲಾಗ್5 ಪ್ರಕಾರ ಸುಮಾರು 0.261. ವ್ಯತ್ಯಾಸ ಸಣ್ಣದಲ್ಲ. ಆದರೆ ಅದೇ ಬ್ಯಾಟರ್ 0.300, ಪಿಚರ್ 0.200 ಆದರೆ ಒಂದು ಕಡೆ 0.250, ಇನ್ನೊಂದು ಕಡೆ 0.243. ಸಾಧಾರಣ ಆಟಗಾರರಿಗೆ ಎರಡೂ ಹೆಚ್ಚುಕಡಿಮೆ ಒಂದೇ.

ಲಾಗ್5 ಅನ್ನು ಮೇಜಿನ ಮೇಲೆ ತರಬೇಕಾದರೆ ಪ್ರತಿ ಸರದಿಗೂ ಪಟ್ಟಿ ನೋಡಬೇಕು. ಆ ಸಮಯ ಕೊಡಬೇಡಿ ಅನ್ನುವುದೇ ನನ್ನ ಮಾತು. ವಿಲಿಯಮ್ಸ್‌ನಂಥ ಒಬ್ಬನಿಗಾಗಿ ಉಳಿದವರ ಆಟ ನಿಧಾನ ಆಗಬಾರದು.

ಪಿಚರ್ ಕಾರ್ಡ್‌ನಲ್ಲಿ ಏನಿರಬೇಕು?

ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್. ಈ ಮೂರರಲ್ಲಿ ಪಿಚರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇಡಿ. 2001ರಲ್ಲಿ ಅಂಕಿಅಂಶ ವಿಶ್ಲೇಷಕ ವೊರೊಸ್ ಮೆಕ್‌ಕ್ರ್ಯಾಕನ್ ಒಂದು ವಿಷಯ ತೋರಿಸಿಕೊಟ್ಟರು. ಬ್ಯಾಟ್‌ಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆಗುತ್ತವೆ ಅನ್ನುವುದರ ಮೇಲೆ ಪಿಚರ್‌ನ ಹಿಡಿತ ಬಹಳ ಕಡಿಮೆ. ಅದು ಎಲ್ಲರಿಗೂ 0.300ರ ಆಸುಪಾಸಿನಲ್ಲೇ ಸುತ್ತುತ್ತದೆ. ಉಳಿದದ್ದು ಫೀಲ್ಡರ್‌ಗಳ ಕೈಚಳಕ ಮತ್ತು ಅದೃಷ್ಟ.

ಆಟ ಕಟ್ಟುವವರಿಗೆ ಇದು ವರ. ಪಿಚರ್ ಕಾರ್ಡ್‌ನ ಕೆಲವು ಮನೆಗಳಲ್ಲಿ "ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ" ಅಂತ ಮಾತ್ರ ಬರೆಯಿರಿ. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಅವನು. ಹಿಟ್ಟೋ ಔಟೋ ಅನ್ನುವುದನ್ನು ಅಲ್ಲಿ ನಿಂತವನ ದರ್ಜೆ ನಿರ್ಧರಿಸಲಿ.

ಫೀಲ್ಡಿಂಗ್‌ಗೆ ಎಷ್ಟು ದರ್ಜೆ ಬೇಕು?

ಐದು ಸಾಕು. 1 ಅತ್ಯುತ್ತಮ, 5 ಕಳಪೆ. ಓಡಿ ಚೆಂಡು ಹಿಡಿಯುವ ಸಾಮರ್ಥ್ಯ ಒಂದು ಅಂಕಿ, ಕೈಜಾರುವ ಸ್ವಭಾವ ಇನ್ನೊಂದು ಅಂಕಿ. ಇವೆರಡನ್ನೂ ಬೆರೆಸಬೇಡಿ. ದೂರದ ಚೆಂಡಿಗೂ ಓಡಿಹೋಗಿ ಮುಟ್ಟುವವನು ಕೆಲವು ಕೈಬಿಡುತ್ತಾನೆ. ನಿಂತಲ್ಲೇ ನಿಲ್ಲುವವನಿಗೆ ಎರರ್ (ಫೀಲ್ಡರ್‌ನ ತಪ್ಪು) ಕಡಿಮೆ ಬರೆದಿರುತ್ತಾರೆ. ಎರರ್ ನೋಡಿ ದರ್ಜೆ ಕೊಟ್ಟರೆ ಒಳ್ಳೆಯ ಫೀಲ್ಡರ್‌ಗೆ ಅನ್ಯಾಯ ಆಗುತ್ತದೆ.

ಬೇಸ್‌ಗಳಿಂದ ದೂರ ನಿಲ್ಲುವ ಔಟ್‌ಫೀಲ್ಡರ್‌ಗಳಿಗೆ ಎಸೆಯುವ ತೋಳಿನ ಬಲವೂ ಬೇಕು. ಅದರ ಬಗ್ಗೆ ಕೊನೆಯ ಪ್ರಶ್ನೆಯಲ್ಲಿ ಬರುತ್ತೇನೆ.

ದಾಳವೇ ಎಲ್ಲ ಮಾಡಿದರೆ ಆಡುವವರಿಗೇನು ಕೆಲಸ?

ಇದೇ ಮುಖ್ಯ ಪ್ರಶ್ನೆ. ಆಡುವವರು ಮ್ಯಾನೇಜರ್. ಬೇಸ್ ಕದಿಯಲು (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ) ಓಡಿಸಲಾ, ಬಂಟ್ ಮಾಡಿಸಲಾ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ಹತ್ತಿರದಲ್ಲೇ ಬೀಳಿಸುವುದು), ಪಿಚರ್ ಬದಲಿಸಲಾ, ಅಪಾಯಕಾರಿ ಬ್ಯಾಟರ್‌ನನ್ನು ಬೇಕಂತಲೇ ವಾಕ್ ಕೊಟ್ಟು ಕಳಿಸಲಾ, ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡರ್‌ಗಳನ್ನು ಮುಂದೆ ಕರೆಯಲಾ. ಪ್ರತಿಯೊಂದಕ್ಕೂ ಒಂದು ಬೆಲೆ ಇರಬೇಕು. ಬೆಲೆ ಇಲ್ಲದ ತೀರ್ಮಾನ ತೀರ್ಮಾನವೇ ಅಲ್ಲ.

ಬೇಸ್ ಕದಿಯುವುದನ್ನು ನೋಡಿ. 1982ರಲ್ಲಿ ರಿಕಿ ಹೆಂಡರ್ಸನ್ 130 ಬೇಸ್ ಕದ್ದ. ಅದು ಆಧುನಿಕ ಕಾಲದ ದಾಖಲೆ. ಅದೇ ವರ್ಷ 42 ಸಲ ಸಿಕ್ಕಿಬಿದ್ದ. 172ರಲ್ಲಿ 130, ಅಂದರೆ ಸುಮಾರು 76 ಶೇಕಡಾ. ಔಟ್ ಆದರೆ ಆಗುವ ನಷ್ಟ, ಬೇಸ್ ಸಿಕ್ಕರೆ ಆಗುವ ಲಾಭಕ್ಕಿಂತ ದೊಡ್ಡದು. ಹಾಗಾಗಿ ಸುಮಾರು 70 ಶೇಕಡಾಕ್ಕಿಂತ ಕಡಿಮೆ ಯಶಸ್ಸಿದ್ದರೆ ಕದಿಯದಿರುವುದೇ ಲೇಸು. ನಿಮ್ಮ ಆಟದಲ್ಲಿ ಸಾಧಾರಣ ಓಟಗಾರನೂ 85 ಶೇಕಡಾ ಯಶಸ್ವಿ ಆದರೆ ಎಲ್ಲರೂ ಎಲ್ಲ ಸಲ ಓಡುತ್ತಾರೆ. ಆಗ ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ತೋಳಿಗೆ ಬೆಲೆ ಉಳಿಯುವುದಿಲ್ಲ.

ಬಂಟ್‌ನ ಲೆಕ್ಕ ಇನ್ನೂ ಸೂಕ್ಷ್ಮ. ಮೊದಲ ಬೇಸ್‌ನಲ್ಲಿ ಒಬ್ಬ, ಔಟ್ ಯಾರೂ ಇಲ್ಲ. ಅಲ್ಲಿಂದ ಇನ್ನಿಂಗ್ ಮುಗಿಯುವಷ್ಟರಲ್ಲಿ ಸರಾಸರಿ ಸುಮಾರು 0.9 ರನ್ ಬರುತ್ತವೆ. ಬಂಟ್ ಮಾಡಿ ಅವನನ್ನು ಎರಡನೇ ಬೇಸ್‌ಗೆ ಕಳಿಸಿ ಒಂದು ಔಟ್ ಕೊಟ್ಟರೆ ಅದು 0.7ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಸಾಮಾನ್ಯವಾಗಿ ಬಂಟ್ ನಷ್ಟದ ಬಾಬ್ತು. ಆದರೆ 9ನೇ ಇನ್ನಿಂಗ್‌ನಲ್ಲಿ ಸ್ಕೋರ್ ಸಮ ಆಗಿದ್ದು ಒಂದೇ ಒಂದು ರನ್ ಸಾಕು ಅನ್ನುವಾಗ, ಮುಂದಿನ ಬ್ಯಾಟರ್ ದುರ್ಬಲನಾಗಿದ್ದಾಗ, ಅದೇ ಬಂಟ್ ಸರಿ ಅನ್ನಿಸಬಹುದು. ನಿಮ್ಮ ಆಟದಲ್ಲೂ ಹೀಗೇ ಆಗಬೇಕು. ಯಾವಾಗಲೂ ಲಾಭವಾದರೂ ಕೆಟ್ಟಿತು, ಯಾವಾಗಲೂ ನಷ್ಟವಾದರೂ ಕೆಟ್ಟಿತು.

ಬೇಕಂತಲೇ ಕೊಡುವ ವಾಕ್‌ಗೆ ಬ್ಯಾರಿ ಬಾಂಡ್ಸ್‌ನ 2004ರ ಕಾರ್ಡ್ ಮಾಡಿ ಪರೀಕ್ಷಿಸಿ. ಆ ವರ್ಷ ಅವನಿಗೆ 232 ವಾಕ್, ಅದರಲ್ಲಿ 120 ಬೇಕಂತಲೇ ಕೊಟ್ಟವು. ನಿಮ್ಮ ಆಟದಲ್ಲಿ ಎದುರಾಳಿಗೂ ಅವನಿಗೆ ವಾಕ್ ಕೊಡುವುದೇ ಮೇಲು ಅನ್ನಿಸಬೇಕು. ಆ 120ನ್ನು ಕಾರ್ಡ್‌ನಲ್ಲಿ ಸೇರಿಸಬೇಡಿ. ಅದು ಎದುರಾಳಿ ಮ್ಯಾನೇಜರ್‌ನ ತೀರ್ಮಾನ, ದಾಳದ್ದಲ್ಲ.

ಪಿಚರ್ ಸುಸ್ತಾಗುವುದನ್ನು ಹೇಗೆ ತೋರಿಸಲಿ?

ಸರಳವಾಗಿ. ಕಾರ್ಡ್‌ನಲ್ಲಿ ಒಂದು ಇನ್ನಿಂಗ್ ಸಂಖ್ಯೆ ಬರೆಯಿರಿ. ಆ ಇನ್ನಿಂಗ್ ದಾಟಿದ ಮೇಲೆ ಒಂದೇ ಇನ್ನಿಂಗ್‌ನಲ್ಲಿ ಮೂವರು ಬೇಸ್ ಮುಟ್ಟಿದರೆ ಅವನು ಸುಸ್ತು. ಸುಸ್ತಾದವನ ಕಾರ್ಡ್‌ನ ಕೆಲವು ಔಟ್‌ಗಳ ಪಕ್ಕ ಚುಕ್ಕೆ ಇಟ್ಟಿರಿ, ಇನ್ನು ಮುಂದೆ ಅವು ಸಿಂಗಲ್. ಎಸೆತ ಎಣಿಸುವ ಗೋಜಿಗೆ ಹೋಗಬೇಡಿ.

ಕಾಲಕ್ಕೆ ತಕ್ಕಂತೆ ಈ ಸಂಖ್ಯೆ ಬದಲಾಗಬೇಕು. 1968ರಲ್ಲಿ ಬಾಬ್ ಗಿಬ್ಸನ್ ಶುರು ಮಾಡಿದ 34 ಪಂದ್ಯಗಳಲ್ಲಿ 28ನ್ನು ಒಬ್ಬನೇ ಮುಗಿಸಿದ. ಈಗಿನ ಪಿಚರ್‌ಗಳು 5 ಅಥವಾ 6 ಇನ್ನಿಂಗ್‌ಗೆ ಇಳಿದುಬಿಡುತ್ತಾರೆ.

ಬೇರೆ ಬೇರೆ ಕಾಲದ ಆಟಗಾರರನ್ನು ಒಟ್ಟಿಗೆ ಆಡಿಸಬಹುದಾ?

ಆಡಿಸಬಹುದು, ಆದರೆ ಅಂಕಿಗಳನ್ನು ಹಾಗೇ ತಗೊಂಡರೆ ಮೋಸ ಆಗುತ್ತದೆ. 1930ರಲ್ಲಿ ಇಡೀ ನ್ಯಾಷನಲ್ ಲೀಗ್‌ನ ಸರಾಸರಿ 0.303. 1968ರಲ್ಲಿ ಎರಡೂ ಲೀಗ್ ಸೇರಿ 0.237. ಆ ವರ್ಷ ಕಾರ್ಲ್ ಯಸ್ಟ್ರೆಮ್ಸ್ಕಿ 0.301 ಹೊಡೆದು ಅಮೆರಿಕನ್ ಲೀಗ್‌ಗೇ ಮೊದಲಿಗನಾದ. ಅಂದರೆ 1930ರ ಸಾಧಾರಣ ಬ್ಯಾಟರ್ 1968ರ ಚಾಂಪಿಯನ್‌ನ ಸಮ ಕಾಣುತ್ತಾನೆ! 1968ರ ಆಟ ಪಿಚರ್‌ಗಳ ಕಡೆ ಎಷ್ಟು ವಾಲಿತ್ತೆಂದರೆ, ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು.

ಹಾಗಾಗಿ ಆಟಗಾರನನ್ನು ಅವನ ಲೀಗ್‌ನ ಜೊತೆ ಹೋಲಿಸಿ, ಎಷ್ಟು ಪಟ್ಟು ಮೇಲು ಅಂತ ನೋಡಿ, ಆಮೇಲೆ ನೀವು ಆರಿಸಿಕೊಂಡ ಲೀಗ್‌ಗೆ ಬದಲಿಸಿ.

ಮೈದಾನಗಳ ವ್ಯತ್ಯಾಸ?

ಒಂದು ಸಣ್ಣ ಪಟ್ಟಿ ಸಾಕು. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಬೋಸ್ಟನ್‌ನ ಫೆನ್‌ವೇ ಪಾರ್ಕ್‌ನ ಎಡಗಡೆ ಗೋಡೆ 37 ಅಡಿ ಎತ್ತರ, ಬೇರೆ ಕಡೆ ಕ್ಯಾಚ್ ಆಗುವ ಚೆಂಡು ಅಲ್ಲಿ ಗೋಡೆಗೆ ಬಡಿದು ಡಬಲ್ ಆಗುತ್ತದೆ. ಕಾರ್ಡ್‌ನಲ್ಲಿ "ಮೈದಾನ ನೋಡಿ" ಅಂತ ಒಂದೋ ಎರಡೋ ಮನೆ ಬಿಡಿ, 20 ಮುಖದ ದಾಳ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಕಡಿಮೆ ಪಂದ್ಯ ಆಡಿದವರ ಕಾರ್ಡ್ ಹೇಗೆ?

ಅವರ ಅಂಕಿಯನ್ನು ಲೀಗ್ ಸರಾಸರಿಯ ಕಡೆ ಸ್ವಲ್ಪ ಎಳೆಯಿರಿ. 150 ಅವಕಾಶದಲ್ಲಿ (ಅಂದರೆ ವಾಕ್ ಬಿಟ್ಟು ಉಳಿದ ಸರದಿಗಳಲ್ಲಿ) 66 ಹಿಟ್ ಹೊಡೆದವನ ಸರಾಸರಿ 0.440. ಅದಕ್ಕೆ 0.250 ಸರಾಸರಿಯ 200 ಅವಕಾಶ ಸೇರಿಸಿ ಲೆಕ್ಕ ಹಾಕಿದರೆ 0.331. ಆಟದಲ್ಲಿ ಅವನನ್ನು 600 ಸರದಿ ಆಡಿಸಿದರೂ ಅಸಹಜ ಅನ್ನಿಸುವುದಿಲ್ಲ.

ನೀಗ್ರೋ ಲೀಗ್ ಆಟಗಾರರ ವಿಷಯದಲ್ಲಿ ಇದನ್ನು ಎಚ್ಚರಿಕೆಯಿಂದ ಮಾಡಬೇಕು. ಕಪ್ಪು ಆಟಗಾರರನ್ನು ಮೇಜರ್ ಲೀಗ್ ಹೊರಗಿಟ್ಟಿದ್ದ ಕಾಲದ ಲೀಗ್‌ಗಳು ಅವು. ದಾಖಲಾದ ಲೀಗ್ ಪಂದ್ಯಗಳು ವರ್ಷಕ್ಕೆ ಕಡಿಮೆ. 2024ರಲ್ಲಿ ಆ ಅಂಕಿಗಳನ್ನು ಮೇಜರ್ ಲೀಗ್ ದಾಖಲೆಗೆ ಸೇರಿಸಿದಾಗ ಜೀವಮಾನದ ಸರಾಸರಿಯಲ್ಲಿ ಜೋಶ್ ಗಿಬ್ಸನ್ 0.372ರೊಂದಿಗೆ ಟೈ ಕಾಬ್‌ನನ್ನು ದಾಟಿ ಮೊದಲಿಗನಾದ. ಇಂಥವರನ್ನು ಒಂದು ಸೀಸನ್ ಹಿಡಿದು ಕೆಳಗೆಳೆಯುವುದು ಅನ್ಯಾಯ. ಹಲವು ಸೀಸನ್ ಕೂಡಿಸಿ ಕಾರ್ಡ್ ಮಾಡಿ. ಅವರಿಲ್ಲದ ಹಳೆಯ ಕಾಲದ ಸೆಟ್ ನನ್ನ ಮಟ್ಟಿಗೆ ಅರ್ಧ ಸೆಟ್.

ಕಾರ್ಡ್ ಸರಿಯಿದೆಯಾ ಅಂತ ಪರೀಕ್ಷಿಸುವುದು ಹೇಗೆ?

ಕಂಪ್ಯೂಟರ್‌ನಲ್ಲಿ ಲಕ್ಷ ಸರದಿ ಓಡಿಸಿ. ಪೈಥಾನ್ ಬಂದರೆ ಒಳ್ಳೆಯದು, ಸ್ಪ್ರೆಡ್‌ಶೀಟ್ ಆದರೂ ಆಗುತ್ತದೆ. ಕೈಯಿಂದ ದಾಳ ಹಾಕಿ ಅಂಕಿ ಪರೀಕ್ಷಿಸಲು ಹೋಗಬೇಡಿ. ನಿಜವಾಗಿಯೂ 0.300 ಇರುವ ಕಾರ್ಡ್ 500 ಅವಕಾಶದಲ್ಲಿ 0.260 ಹೊಡೆಯಬಹುದು, 0.340 ಕೂಡ ಹೊಡೆಯಬಹುದು. ಅದು ಕಾರ್ಡ್‌ನ ತಪ್ಪಲ್ಲ, ಅದೃಷ್ಟದ ಏರಿಳಿತ. ಆ 0.040ರ ಏರಿಳಿತ 0.005ಕ್ಕೆ ಇಳಿಯಬೇಕಾದರೆ ಸುಮಾರು 32,000 ಅವಕಾಶ ಬೇಕು.

ಕೈಯಿಂದ ಆಡಿ ನೋಡಬೇಕಾದದ್ದು ಬೇರೆ. ಆಡುವವರು ಎಲ್ಲಿ ಕಾರ್ಡ್ ಹುಡುಕುತ್ತಾ ನಿಲ್ಲುತ್ತಾರೆ? ಯಾವ ನಿಯಮವನ್ನು ಪದೇ ಪದೇ ಕೇಳುತ್ತಾರೆ? ಯಾವ ತೀರ್ಮಾನವನ್ನು ಯೋಚಿಸದೇ ಮಾಡುತ್ತಾರೆ? ನೀವು ಬಾಯಿ ಮುಚ್ಚಿ ಪಕ್ಕದಲ್ಲಿ ಕೂತು ನೋಡಿ. ಮಧ್ಯೆ ವಿವರಿಸಲು ಹೋಗಬೇಡಿ.

ಅಂಕಿಅಂಶ ಎಲ್ಲಿ ಸಿಗುತ್ತದೆ?

ರೆಟ್ರೋಶೀಟ್ ಎಂಬ ಜಾಲತಾಣದಲ್ಲಿ ಹಳೆಯ ಪಂದ್ಯಗಳ ಸರದಿವಾರು ದಾಖಲೆ ಉಚಿತವಾಗಿ ಸಿಗುತ್ತದೆ. ಬಳಸಿದರೆ ಅವರು ಹೇಳಿದ ಕೃತಜ್ಞತೆಯ ಸಾಲನ್ನು ಸೇರಿಸಬೇಕು, ಅಷ್ಟೇ. ಒಟ್ಟು ಅಂಕಿಗಳಿಗೆ ಬೇಸ್‌ಬಾಲ್ ರೆಫರೆನ್ಸ್ ಸಾಕು.

ಆಟಗಾರರ ಹೆಸರು ಹಾಕಿ ಮಾರಬಹುದಾ?

ಮನೆಯಲ್ಲಿ ಆಡಲು ಚಿಂತೆ ಬೇಡ. ಮಾರುವುದಾದರೆ ವಕೀಲರನ್ನು ಕೇಳಿ, ಏಕೆಂದರೆ ಅಮೆರಿಕದ ಕೋರ್ಟ್‌ಗಳೇ ಎರಡು ಕಡೆ ಹೇಳಿವೆ. 1970ರಲ್ಲಿ ಮಿನೆಸೋಟಾದ ಫೆಡರಲ್ ಕೋರ್ಟ್, ಅನುಮತಿ ಇಲ್ಲದೆ ಹೆಸರು ಮತ್ತು ಅಂಕಿ ಬಳಸಿದ ಮೇಜಿನಾಟದ ತಯಾರಕರ ವಿರುದ್ಧ ಆಟಗಾರರ ಪರ ತೀರ್ಪು ಕೊಟ್ಟಿತು. 2007ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್, ಫ್ಯಾಂಟಸಿ ಆಟದ ಕಂಪನಿ ಹೆಸರು, ಅಂಕಿ ಬಳಸಬಹುದು ಅಂದಿತು. ತಂಡದ ಲೋಗೋ ಮಾತ್ರ ಮುಟ್ಟಬೇಡಿ, ಅದು ಟ್ರೇಡ್‌ಮಾರ್ಕ್.

ಒಬ್ಬರೇ ಆಡುವಂತೆ ಮಾಡಬೇಕಾ?

ಖಂಡಿತ. ಇಂಥ ಆಟಗಳನ್ನು ರಾತ್ರಿ ಊಟ ಆದ ಮೇಲೆ ಒಬ್ಬರೇ ಕೂತು ಆಡುವವರು ಬಹಳ. ಎದುರು ತಂಡದ ತೀರ್ಮಾನಗಳಿಗೆ ಒಂದು ಪುಟದ ಪಟ್ಟಿ ಕೊಡಿ: ಇಷ್ಟನೇ ಇನ್ನಿಂಗ್, ಇಷ್ಟು ಅಂತರ, ಇಂಥ ಓಟಗಾರ ಇದ್ದರೆ ಓಡಿಸು. ಒಂದು ಪುಟ ದಾಟಿದರೆ ಯಾರೂ ನೋಡುವುದಿಲ್ಲ.

ಸ್ಕೋರ್ ಹಾಳೆಯನ್ನು ಚೆನ್ನಾಗಿ ಮಾಡಿ. ಪಿಚರ್ 1, ಕ್ಯಾಚರ್ 2, ಶಾರ್ಟ್‌ಸ್ಟಾಪ್ 6, ಹೀಗೆ ಫೀಲ್ಡರ್‌ಗಳಿಗೆ ಸಂಖ್ಯೆ ಇವೆ. 6-4-3 ಅಂತ ಬರೆದರೆ ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸ್‌ನವನಿಗೆ, ಅಲ್ಲಿಂದ ಮೊದಲ ಬೇಸ್‌ನವನಿಗೆ ಚೆಂಡು ಹೋಗಿ ಇಬ್ಬರು ಔಟಾದ ಇಡೀ ಡಬಲ್ ಪ್ಲೇ ಕಣ್ಮುಂದೆ ಬರುತ್ತದೆ. ಒಬ್ಬರೇ ಆಡುವವರಿಗೆ ಆ ಹಾಳೆಗಳೇ ಉಳಿಯುವ ಆಸ್ತಿ.

ಕಾರ್ಡ್ ಅಚ್ಚು ಹಾಕಿಸುವುದು?

63×88 ಮಿಲಿಮೀಟರ್ ಅಳತೆ ಇಟ್ಟರೆ ಒಂದು ಎ4 ಹಾಳೆಯಲ್ಲಿ 9 ಕಾರ್ಡ್ ಕೂರುತ್ತವೆ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಅಂತ ಪ್ರಿಂಟಿಂಗ್ ಅಂಗಡಿಯಲ್ಲಿ ಕೇಳಿ. ಪರೀಕ್ಷೆಯ ಹಂತದಲ್ಲಿ ಸಾಮಾನ್ಯ ಹಾಳೆಯೇ ಸಾಕು, ಅಂಕಿಗಳು ಹೇಗೂ ಬದಲಾಗುತ್ತವೆ.

ಮೊದಲ ಸೆಟ್‌ಗೆ ಯಾವ ಎರಡು ತಂಡ ತಗೊಳ್ಳಲಿ?

1968ರ ವರ್ಲ್ಡ್ ಸೀರೀಸ್, ಅಂದರೆ ಎರಡು ಲೀಗ್‌ಗಳ ಚಾಂಪಿಯನ್ನರ ನಡುವಿನ ಅಂತಿಮ ಸರಣಿ. ಡೆಟ್ರಾಯಿಟ್ ಟೈಗರ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಏಳು ಪಂದ್ಯ, ಕೊನೆಗೆ ಡೆಟ್ರಾಯಿಟ್ ಗೆದ್ದಿತು. ನಿಮ್ಮ ನಿಯಮಗಳನ್ನೆಲ್ಲ ಒಂದೇ ಕಡೆ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸರಣಿ ನನಗೆ ಗೊತ್ತಿಲ್ಲ.

ಮೊದಲ ಪಂದ್ಯದಲ್ಲಿ ಕಾರ್ಡಿನಲ್ಸ್ ಪಿಚರ್ ಬಾಬ್ ಗಿಬ್ಸನ್ 17 ಸ್ಟ್ರೈಕ್‌ಔಟ್ ಮಾಡಿದ. ನಿಮ್ಮ ಗಿಬ್ಸನ್ ಕಾರ್ಡ್‌ನಿಂದ ಅಪರೂಪಕ್ಕಾದರೂ ಅಂಥ ದಿನ ಬರಬೇಕು. ಡೆಟ್ರಾಯಿಟ್ ಪಿಚರ್ ಮಿಕಿ ಲೋಲಿಚ್ ಮೂರು ಪಂದ್ಯ ಪೂರ್ತಿ ಎಸೆದು ಮೂರೂ ಗೆದ್ದ, ಸುಸ್ತಿನ ನಿಯಮ ಅದಕ್ಕೆ ಅಡ್ಡ ಬರಬಾರದು.

ಇನ್ನು ಡೆಟ್ರಾಯಿಟ್ ಮ್ಯಾನೇಜರ್ ಮೇಯೋ ಸ್ಮಿತ್‌ನ ತೀರ್ಮಾನ. ಶಾರ್ಟ್‌ಸ್ಟಾಪ್ ರೇ ಆಯ್ಲರ್ ಫೀಲ್ಡಿಂಗ್‌ನಲ್ಲಿ ಗಟ್ಟಿ, ಆದರೆ ಆ ವರ್ಷ ಅವನ ಸರಾಸರಿ 0.135. ಸ್ಮಿತ್ ಅವನನ್ನು ಕೂರಿಸಿ, ಸೆಂಟರ್‌ಫೀಲ್ಡರ್ ಮಿಕಿ ಸ್ಟ್ಯಾನ್ಲಿಯನ್ನು ಶಾರ್ಟ್‌ಸ್ಟಾಪ್‌ಗೆ ತಂದ. ಅದರಿಂದ ಅನುಭವಿ ಆಲ್ ಕೇಲೈನ್‌ಗೆ ಔಟ್‌ಫೀಲ್ಡ್‌ನಲ್ಲಿ ಜಾಗ ಸಿಕ್ಕಿತು. ಕೇಲೈನ್ ಆ ಸರಣಿಯಲ್ಲಿ 0.379 ಹೊಡೆದ. ನಿಮ್ಮ ಆಟದಲ್ಲಿ ಇದೇ ಪ್ರಶ್ನೆ ಕಷ್ಟದ್ದಾಗಿರಬೇಕು. ಸ್ಟ್ಯಾನ್ಲಿಗೆ ಶಾರ್ಟ್‌ಸ್ಟಾಪ್‌ನಲ್ಲಿ 4 ಕೊಟ್ಟು ನೋಡಿ, ಆಯ್ಲರ್‌ಗೆ 2. ಎರಡು ಜನ ಆಡಿ ಇಬ್ಬರೂ ಬೇರೆ ಬೇರೆ ತೀರ್ಮಾನ ತಗೊಂಡರೆ ಫೀಲ್ಡಿಂಗ್ ದರ್ಜೆ ಸರಿಯಾಗಿದೆ.

ಐದನೇ ಪಂದ್ಯದ ಐದನೇ ಇನ್ನಿಂಗ್ ಅನ್ನೂ ಆಡಿಸಿ. ಕಾರ್ಡಿನಲ್ಸ್ 3-2ರಿಂದ ಮುಂದಿತ್ತು. ಎರಡನೇ ಬೇಸ್‌ನಲ್ಲಿ ಲೂ ಬ್ರಾಕ್, ಆ ವರ್ಷ 62 ಬೇಸ್ ಕದ್ದವನು. ಅವನ ತಂಡದ ಹೂಲಿಯನ್ ಹಾವಿಯರ್ ಎಡಗಡೆಗೆ ಸಿಂಗಲ್ ಹೊಡೆದ. ಡೆಟ್ರಾಯಿಟ್ ಔಟ್‌ಫೀಲ್ಡರ್ ವಿಲ್ಲಿ ಹಾರ್ಟನ್ ಚೆಂಡು ಹಿಡಿದು ನೇರ ಹೋಮ್ ಪ್ಲೇಟ್‌ಗೆ ಎಸೆದ. ಬ್ರಾಕ್ ಜಾರದೆ ನಿಂತೇ ಓಡಿ ಬಂದ, ಕ್ಯಾಚರ್ ಬಿಲ್ ಫ್ರೀಹ್ಯಾನ್ ದಾರಿಗೆ ಅಡ್ಡ ನಿಂತಿದ್ದ. ಔಟ್. ಆ ಪಂದ್ಯ ಡೆಟ್ರಾಯಿಟ್ ಪಾಲಾಯಿತು. ಸಿಂಗಲ್ ಆದಾಗ ಎರಡನೇ ಬೇಸ್‌ನವನು ಸಾಮಾನ್ಯವಾಗಿ ಸುಮಾರು ಹತ್ತರಲ್ಲಿ ಆರು ಸಲ ಹೋಮ್ ಮುಟ್ಟುತ್ತಾನೆ. ಉಳಿದ ಸಲ ಹೆಚ್ಚಾಗಿ ಮೂರನೇ ಬೇಸ್‌ನಲ್ಲೇ ನಿಲ್ಲುತ್ತಾನೆ. ಬ್ರಾಕ್‌ನಂಥವನನ್ನು ಕಳಿಸುವುದು ಸರಿಯಾದ ತೀರ್ಮಾನವೇ ಆಗಿರಬೇಕು. ಆದರೆ 20 ಮುಖದ ದಾಳದಲ್ಲಿ ಎರಡೋ ಮೂರೋ ಸಂಖ್ಯೆ ಹಾರ್ಟನ್‌ನ ತೋಳಿನ ಪಾಲಿಗೆ ಬಿಟ್ಟಿರಿ.